ಒಂದು ಕೈಗೆ ಆಗುವಷ್ಟು

1955 ಮಾರ್ಚ್ 7, ಮಧ್ಯಾಹ್ನ

ಬೇಬಿ ಮಲಗಿದೆ. ನ್ಯಾಪಿಗಳಿಗೆ ಇಸ್ತ್ರಿ ಆಯಿತು. ಬಾಟಲಿ ಕುದಿಸಿಟ್ಟೆ. ಅದು ಏಳುವ ತನಕ ಬಂಗಲೆಯ ಈ ಹಿಂದಿನ ಕೋಣೆ ನನ್ನದು.

ಬೇಬಿ ಹಾಲು ಕುಡಿದದ್ದನ್ನು ಬರೆದಿಡಲು ದೊರೆಸಾನಿ ಕೊಟ್ಟ ಪುಸ್ತಕ ಇದು. ಮುಂದಿನಿಂದ ಹಾಲು, ಹಿಂದಿನಿಂದ ನಾನು. ಮನೆಗೆ ಒಯ್ಯುವುದಿಲ್ಲ. ಉರಿಗಾಂನ ಆ ಮನೆಯಲ್ಲಿ ನನ್ನದು ಅಂತ ಏನನ್ನೂ ಇಡುವ ಹಾಗಿಲ್ಲ, ಮುಚ್ಚಿಡುವ ಹಾಗಂತೂ ಇಲ್ಲವೇ ಇಲ್ಲ.

ಇವತ್ತು ಪೆಟ್ಟಿಗೆ ಬಂತು. ಕಂದು ಬಣ್ಣದ್ದು, ಚಿಕ್ಕದು. ಕ್ಷೌರದವನ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಏಪ್ರಿಲಿನಲ್ಲಿ ದೊರೆಸಾನಿ ಬೇಬಿಯನ್ನು ಕರೆದುಕೊಂಡು ಸೀಮೆಗೆ, ತಮ್ಮ ಇಂಗ್ಲೆಂಡಿಗೆ ಹೋಗುತ್ತಾರೆ. ಬೊಂಬಾಯಿಯಿಂದ ಹಡಗು. ಬೇಸಿಗೆ ಪೂರ್ತಿ ಅಲ್ಲೇ, ವಾಪಸ್ಸು ದಸರಾ ಹೊತ್ತಿಗೆ. ಜೊತೆಗೆ ಆಯಾ ಕನಕಮ್ಮ. ಅಂದರೆ ನಾನು. ಇನ್ನೂ ನಂಬಿಕೆ ಬರುತ್ತಿಲ್ಲ.

“ಆಯಾ, ಒನ್ ಹ್ಯಾಂಡ್ ಬೇಬಿ. ಒನ್ ಹ್ಯಾಂಡ್ ಬಾಕ್ಸ್. ನೋ ಕೂಲಿ, ನೋ ಬಂಡಲ್” ಅಂದರು ದೊರೆಸಾನಿ. ಹೋದ ಸಲದ ಆಯಾ ರಾಗಿ ಹಿಟ್ಟು, ಉಪ್ಪಿನಕಾಯಿ ಜಾಡಿ ಸಮೇತ ಹೊರಟಿದ್ದಳಂತೆ. ಹಡಗಿನಲ್ಲಿ ಜಾಡಿ ಒಡೆದು ದೊರೆಸಾನಿಯ ಟೋಪಿಗಳೆಲ್ಲ ಎಣ್ಣೆ ಕುಡಿದವಂತೆ. ಅದಕ್ಕೇ ಈ ಸಲ ಪರೀಕ್ಷೆ. ಒಂದು ಕೈಯಲ್ಲಿ ಬೇಬಿ, ಇನ್ನೊಂದರಲ್ಲಿ ಪೆಟ್ಟಿಗೆ ಹಿಡಿದು ವರಾಂಡದ ಮೆಟ್ಟಿಲು ಇಳಿದು ಹತ್ತಬೇಕು. ಎಡವಿದರೆ ಪಕ್ಕದ ಬಂಗಲೆಯ ಆಯಾ ಅನಸೂಯಮ್ಮ ಹೋಗುತ್ತಾಳೆ. ಅವಳು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದಾಳೆ.

ನಾನು ಎಡವುವುದಿಲ್ಲ. ಆರು ತಿಂಗಳು ನನ್ನ ಮೈಯನ್ನು ಯಾರೂ ತಡಕುವುದಿಲ್ಲ.

ಮಾರ್ಚ್ 9

ನಮ್ಮ ಯಜಮಾನರಿಗೆ ಹೆಮ್ಮೆಯೋ ಹೆಮ್ಮೆ. ಗಣಿಯವರ ಲೈನಿನ ಎಲ್ಲ ಮನೆಗೂ ಹೋಗಿ ಹೇಳಿ ಬಂದಿದ್ದಾರೆ. ಕೋದಂಡಪ್ಪನ ಹೆಂಡತಿ ಸೀಮೆಗೆ ಹೊರಟಳು ಅಂತ.

ಇವರ ಕೆಲಸ ಚಿನ್ನದ ಗಣಿಯ ಶಾಫ್ಟಿನ ಗೇಟಿನಲ್ಲಿ. ಶಿಫ್ಟ್ ಮುಗಿಸಿ ಮೇಲೆ ಬಂದ ಆಳುಗಳು ಬಂಗಾರದ ಚೂರು ಕದ್ದಿದ್ದಾರೆಯೇ ಎಂದು ಮೈ ತಡಕಿ ನೋಡುವುದು. ಕೂದಲು, ಬಾಯಿ, ಬೀಡಿಯ ಒಳಗು, ಗಾಯಕ್ಕೆ ಸುತ್ತಿದ ಬಟ್ಟೆ. ಒಬ್ಬ ಕಾಲಿನ ಹುಣ್ಣಿನೊಳಗೆ ಒತ್ತಿಟ್ಟುಕೊಂಡಿದ್ದನಂತೆ, ಇವರು ಬೆರಳು ಹಾಕಿ ತೆಗೆದರಂತೆ. ಅವನು ಕಿರುಚಿದ್ದನ್ನು ಕಿರುಚಿಯೇ ತೋರಿಸುತ್ತಾರೆ. ಇದೆಲ್ಲ ಮುದ್ದೆ ಮುರಿಯುತ್ತಾ ಹೇಳುವ ಮಾತು.

ಆ ಬೆರಳು ಮನೆಗೆ ಬಂದ ಮೇಲೂ ಸುಮ್ಮನಿರುವುದಿಲ್ಲ. ಬಂಗಲೆಯಿಂದ ಹೋದ ಕೂಡಲೇ ನನ್ನನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. “ಕೈ ಮ್ಯಾಕೆತ್ತು.” ಸೆರಗು, ರವಿಕೆ, ಮಡಿಲು, ತುರುಬು. ಮದುವೆಯಾದ ಹೊಸತರಲ್ಲಿ ಸರಸ ಅಂದುಕೊಂಡಿದ್ದೆ, ಪೆದ್ದಿ ನಾನು. ನಿನ್ನೆ ರವಿಕೆಯಲ್ಲಿ ಒಂದು ಬಿಸ್ಕತ್ತು ಸಿಕ್ಕಿತು, ಬೇಬಿ ಕಚ್ಚಿ ಬಿಟ್ಟದ್ದು. ಕೆನ್ನೆಗೆ ಬಾರಿಸಿದರು. “ನನ್ ಕೈಗೆ ಸಿಗ್ದಂಗೆ ಇಕ್ಕೋಬೋದು ಅಂದ್ಕೊಂಡ್ಯಾ?” ಆಮೇಲೆ ಬಿಸ್ಕತ್ತನ್ನು ತಾವೇ ತಿಂದರು.

ಮಾರ್ಚ್ 14

ಪೆಟ್ಟಿಗೆಗೆ ಏನೇನು ಹಾಕಲಿ... ಎರಡು ಸೀರೆ ಸಾಕು. ಅಮ್ಮ ಹಳೇ ಸೀರೆಗಳನ್ನು ಸೇರಿಸಿ ಹೊಲಿದ ಬೊಂತೆ ಬೇಕು ಅನ್ನಿಸುತ್ತದೆ, ಅದೊಂದೇ ಅರ್ಧ ಪೆಟ್ಟಿಗೆ ತಿನ್ನುತ್ತದೆ. ಅಲ್ಲಿ ಬೇಸಿಗೆಯಲ್ಲೂ ಚಳಿಯಂತೆ. ದೊರೆಸಾನಿ ತಮ್ಮ ಹಳೇ ಕೋಟು ಕೊಡುತ್ತಾರೆ. ಹಾಗಾದರೆ ಬೊಂತೆ ಬೇಡ. ಸೀಗೆಪುಡಿ? ಆರು ತಿಂಗಳು ಸಾಬೂನಿನಲ್ಲಿ ತಲೆ ತೊಳೆದರೆ ಸತ್ತೇನೂ ಹೋಗುವುದಿಲ್ಲ. ಅದೂ ಬೇಡ.

ಬೇಡ ಬೇಡ ಅನ್ನುತ್ತಾ ಹೋದಂತೆ ಮನಸ್ಸಿಗೆ ಏನೋ ಹಗುರ. ಬೇಬಿ ಎದ್ದಿತು.

ಮಾರ್ಚ್ 17

ಎರಡು ದಿನ ಬರಲಾಗಲಿಲ್ಲ. ಎಡಗಣ್ಣು ಈಗ ಅರ್ಧ ತೆರೆಯುತ್ತದೆ.

ಕ್ಯಾಂಟೀನಿನಲ್ಲಿ ಯಾರೋ ಅಂದನಂತೆ: “ನಿನ್ ಎಂಡ್ತಿ ಬರೋವಾಗ ಬೆಕ್ಕಿನ್ ಕಣ್ಣಿನ್ ಕೂಸು ಎತ್ಕೊಂಡ್ ಬತ್ತಾಳೆ ನೋಡು, ಕೋದಂಡಪ್ಪ.” ಎಲ್ಲರೂ ನಕ್ಕರಂತೆ. ಇವರೂ ನಕ್ಕರಂತೆ. ಮನೆಗೆ ಬಂದವರೇ ಕದ ಹಾಕಿ ಬೆಲ್ಟ್ ಬಿಚ್ಚಿದರು. ಗೇಟಿನ ಬೆಲ್ಟು, ಹಿತ್ತಾಳೆ ಬಕ್ಕಲ್ಲಿನದು. ಯಾವ ದೊರೆ, ಯಾವಾಗಿಂದ, ಎಲ್ಲಿ... ಪ್ರಶ್ನೆಗೊಂದು ಏಟು. ಉತ್ತರಕ್ಕೆ ಕಾಯಲಿಲ್ಲ.

ಅತ್ತೆ ಮುತ್ಯಾಲಮ್ಮ ಅಲ್ಲೇ ರಾಗಿ ಕೇರುತ್ತಿದ್ದಳು. ಮೊರ ನಿಲ್ಲಲಿಲ್ಲ. “ಮಕದ್ ಮ್ಯಾಲೆ ಒಡೀಬ್ಯಾಡ ಕಣ್ಲಾ, ಕೆಲ್ಸಕ್ ಓಗ್ಬೇಕು ಅವ್ಳು” ಅಂದಳು. ಅದನ್ನು ಕೇಳಿದ ಮೇಲೆಯೇ ಇವರಿಗೆ ಮುಖ ನೆನಪಾದದ್ದು.

“ಬ್ಲಾಸ್ಟಿಗೆ ಅಟ್ಟದಿಂದ ಚೆಂಬು ಬಿತ್ತು, ಮೇಡಂ” ಅಂದೆ ದೊರೆಸಾನಿಗೆ. ಇಲ್ಲಿಯ ಹೆಂಗಸರೆಲ್ಲ ಹೇಳುವುದು ಅದನ್ನೇ. ಗಣಿಯ ತಳದಲ್ಲಿ ಬಂಡೆ ಸಿಡಿದರೆ ಮೇಲೆ ನಮ್ಮ ಮನೆಗಳು ನಡುಗುವುದು, ಪಾತ್ರೆ ಬೀಳುವುದು ನಿಜವೇ. ಗಂಡನ ಕೈಯಿಂದ ಬಿದ್ದದ್ದೂ ಅದರ ಲೆಕ್ಕಕ್ಕೇ ಸೇರುತ್ತದೆ. ಆದರೆ ಈ ದೊರೆಸಾನಿಯ ಗಂಡ ಗಣಿಯ ಇಂಜಿನಿಯರ್. ಯಾವತ್ತು ಎಲ್ಲಿ ಸಿಡಿಯಿತು ಅಂತ ದೊರೆಸಾನಿಗೂ ಬಾಯಿಪಾಠ. “ವಿಚ್ ಬ್ಲಾಸ್ಟ್, ಆಯಾ?” ಅಂದರು. “ಸ್ಮಾಲ್ ಬ್ಲಾಸ್ಟ್, ಮೇಡಂ.” ಬೇಬಿಯನ್ನು ನನ್ನ ಕೈಗೆ ಕೊಟ್ಟರು.

ಹೋಗಿಯೇ ಹೋಗುತ್ತೇನೆ.

ಮಾರ್ಚ್ 26, ಯುಗಾದಿಯ ಮಾರನೆಯ ದಿನ

ನಿನ್ನೆ ಇವರು ಒಬ್ಬಟ್ಟು ತಿಂದು, ಬಾಯಿ ಒರೆಸಿಕೊಂಡು, ಎದ್ದು ನನ್ನ ಸೀರೆಗಳನ್ನೆಲ್ಲ ತಮ್ಮ ಟ್ರಂಕಿಗೆ ತುಂಬಿದರು. ರವಿಕೆಗಳು. ಅಮ್ಮನ ಬೊಂತೆ. ಚಪ್ಪಲಿ ಕೂಡ. ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. “ಉಟ್ಕಳಕ್ಕೆ ಬಟ್ಟೆ ಇಲ್ದೆ ಎಂಗ್ ಓಯ್ತೀಯಾ, ನಾನೂ ನೋಡ್ತೀನಿ.”

ಮೈಮೇಲೆ ಇದ್ದದ್ದೊಂದೇ ಉಳಿಯಿತು. ಅದನ್ನೇ ರಾತ್ರಿ ಒಗೆದು, ಅರ್ಧ ಒಣಗಿದ್ದನ್ನು ಬೆಳಗ್ಗೆ ಉಟ್ಟು ಬಂದೆ. ಆ ಟ್ರಂಕಿಗೆ ಸೀಮೆಎಣ್ಣೆ ಸುರಿದು ಕಡ್ಡಿ ಗೀರಬೇಕು ಅನ್ನಿಸಿತು, ನನ್ನ ಸೀರೆಗಳ ಸಮೇತ. ದಾರಿಯಲ್ಲಿ ಬರಿಗಾಲಲ್ಲಿ ನಡೆಯುತ್ತಾ ನಗುವೂ ಬಂತು. ದೊರೆಸಾನಿಗಿಂತ ಇವರೇ ಗಟ್ಟಿ, ನನ್ನ ಸಾಮಾನನ್ನು ಎಷ್ಟು ಚೆನ್ನಾಗಿ ಕಡಿಮೆ ಮಾಡಿಕೊಟ್ಟರು.

ಪಾಸ್‌ಪೋರ್ಟು ಬಂಗಲೆಯ ಬೀರುವಿನಲ್ಲಿದೆ. ಅಲ್ಲಿಗೆ ಇವರ ಕೈ ಹೋಗುವುದಿಲ್ಲ.

ಮಾರ್ಚ್ 31

ತಾಳಿ ತೆಗೆದುಕೊಂಡರು.

ಹಿಂದಿನಿಂದ ಬಂದು, ಜುಟ್ಟು ಹಿಡಿದು ತಲೆ ಬಗ್ಗಿಸಿ, ಬಿಚ್ಚಿ ಟ್ರಂಕಿಗೆ ಹಾಕಿದರು. “ಬೋಳ್ ಕತ್ನಾಗೆ ಬೀದಿಗ್ ಓಗು ನೋಡಾನ.” ಸೀರೆ ಇಲ್ಲದೆ ಹೊರಟವಳು ತಾಳಿ ಇಲ್ಲದೆ ಹೊಸಿಲು ದಾಟುವುದಿಲ್ಲ ಅನ್ನುವ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಕತ್ತಿಗೆ ಕೈ ಹಚ್ಚಿ ಕೂತುಬಿಟ್ಟೆ.

ಆದರೆ ಅತ್ತೆಯನ್ನು ಇವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸಾಯಂಕಾಲ ನಲ್ಲಿಯಿಂದ ಬಂದು ನನ್ನ ಕತ್ತು ನೋಡಿದವಳೇ ಬಿಂದಿಗೆ ಇಳಿಸಿ ಎದೆ ಬಡಿದುಕೊಂಡಳು. “ಯಾವ ಮುಂಡೇಮಗ ಮಾಡ್ದ ಇದ್ನ? ನನ್ ಮಗನ್ ಆಯುಸ್ಸು ಕಣೇ ಅದು.” ಮಡಕೆಯಿಂದ ಅರಿಸಿನದ ಕೊಂಬು ತೆಗೆದಳು. ದಾರಕ್ಕೆ ಅರಿಸಿನ ಹಚ್ಚಿ, ಕೊಂಬು ಕಟ್ಟಿ, ನನ್ನ ಕತ್ತಿಗೆ ಮೂರು ಗಂಟು ಹಾಕಿದಳು. ನಮ್ಮಲ್ಲಿ ತಾಳಿ ಹರಿದಾಗ, ಗಿರವಿ ಇಟ್ಟಾಗ ಹೀಗೆ ಮಾಡುವುದು ಇದ್ದದ್ದೇ. ಕೊಂಬು ಕತ್ತಿನಲ್ಲಿರುವ ತನಕ ಗಂಡನ ಜೀವಕ್ಕೆ ಭಯವಿಲ್ಲ.

ಶಿಫ್ಟ್ ಮುಗಿಸಿ ಬಂದ ಇವರು ಅದನ್ನು ಹಿಡಿದು ಎಳೆದರು. ದಾರ ಗಟ್ಟಿ. ಮೊದಲ ಸಲ ಹರಿಯಲಿಲ್ಲ, ಕತ್ತಿನ ಚರ್ಮ ಹರಿಯಿತು. ಎರಡನೆಯ ಸಲಕ್ಕೆ ಬಂತು. ಅತ್ತೆ ಪೊರಕೆ ತಿರುವಿ ಹಿಡಿದು ಮಗನ ಬೆನ್ನಿಗೆ ಬಾರಿಸಿದಳು. ಇವರು ತಿರುಗಿ ಒಮ್ಮೆ ನೂಕಿದರು. ಒರಳುಕಲ್ಲಿನ ಮೇಲೆ ಮುಖ ಅಡಿಯಾಗಿ ಬಿದ್ದಳು. ಮುಂದಿನ ಹಲ್ಲು ಕಲ್ಲಿನ ಮೇಲೇ ಉಳಿಯಿತು.

ಎದ್ದು ರಕ್ತ ಉಗಿದಳು. ಮತ್ತೊಂದು ಕೊಂಬು ತಂದಳು. ಗಂಟು ಹಾಕುತ್ತಾ ನನ್ನ ಕಿವಿಯಲ್ಲೇ ಬೈದಳು: “ನಿನ್ ದೆಸೆಯಿಂದ ನನ್ ಮಗ ನನ್ ಮ್ಯಾಲೆ ಕೈ ಮಾಡ್ದ. ಆಳಾಗ್ ಓಗು.” ಹಳದಿ ದಾರ ಕತ್ತಿಗೆ ಬರುವಷ್ಟರಲ್ಲಿ ಅವಳ ರಕ್ತ, ನನ್ನ ರಕ್ತ ಎರಡೂ ಹತ್ತಿ ಕೆಂಪಾಗಿತ್ತು.

ಏಪ್ರಿಲ್ 4

ಇವರು ಹರಿಯುತ್ತಾರೆ, ಅತ್ತೆ ಕಟ್ಟುತ್ತಾಳೆ. ಈಗ ಕೊಂಬುಗಳನ್ನು ಸೊಂಟಕ್ಕೇ ಸಿಕ್ಕಿಸಿಕೊಂಡು ಓಡಾಡುತ್ತಾಳೆ. ನನ್ನ ಮೇಲೆ ಪ್ರೀತಿ ಅಂತ ಯಾರಾದರೂ ಅಂದುಕೊಂಡಾರು.

ಏಪ್ರಿಲ್ 7

ಬರೆಯಬೇಕು. ಬರೆಯದಿದ್ದರೆ ಹುಚ್ಚು ಹಿಡಿಯುತ್ತದೆ.

ನಿನ್ನೆ. ನೈಟ್ ಶಿಫ್ಟಿಗೆ ಹೊರಡುವ ಮುಂಚೆ, ಬೂಟು ಹಾಕಿಕೊಂಡು ಎದುರಿಗೆ ನಿಂತರು. ಕೂಗಲಿಲ್ಲ, ಮೆತ್ತಗೆ ಕೇಳಿದರು. “ಮಗು ಎತ್ಕಳ್ಳೋ ಕೈ ಯಾವ್ದು ನಿಂದು? ತೋರ್ಸು.”

ಎಡಗೈ ಚಾಚಿದೆ.

ಒರಳುಕಲ್ಲಿನ ಅಂಚಿಗೆ ಇಟ್ಟು ಬೂಟುಗಾಲಲ್ಲಿ ತುಳಿದ. ಮಣಿಕಟ್ಟಿನ ಹತ್ತಿರ. ಸದ್ದು ನನಗೆ ಕೇಳಿತು, ಅತ್ತೆಗೂ ಕೇಳಿತು. “ಈಗ್ ಓಗು. ಯಾವ್ ಸೀಮೆಗ್ ಬೇಕಾದ್ರೂ ಓಗು.” ಟೋಪಿ ಸರಿ ಮಾಡಿಕೊಂಡು ಕೆಲಸಕ್ಕೆ ಹೋದ.

ಬೇಬಿಯನ್ನು ನಾನು ಎತ್ತಿಕೊಳ್ಳುವುದು ಬಲಗೈಯಲ್ಲಿ. ಇದನ್ನು ಬರೆಯುತ್ತಿರುವುದೂ ಬಲಗೈಯಲ್ಲಿ. ಇಷ್ಟು ವರ್ಷ ನನ್ನ ಮೈಯೆಲ್ಲ ತಡಕಿದವನಿಗೆ ಈ ಒಂದು ಸುಳ್ಳು ಸಿಗಲಿಲ್ಲ.

ಮೇಲೆ ‘ತುಳಿದ’ ಅಂತ ಬರೆದಿದ್ದೇನೆ, ಈಗ ಓದುವಾಗ ಕಣ್ಣಿಗೆ ಬಿತ್ತು. ‘ತುಳಿದರು’ ಆಗಬೇಕಿತ್ತು. ತಿದ್ದುವುದಿಲ್ಲ. ಇನ್ನು ಮೇಲೆ ಅವನು.

ಏಪ್ರಿಲ್ 8

ಕೈ ಬದನೆಕಾಯಿಯ ಬಣ್ಣಕ್ಕೆ ತಿರುಗಿದೆ. ಬಟ್ಲರ್ ವೆಂಕಟೇಶಪ್ಪ ಪಟ್ಟು ಹಾಕಿದ. ಕಾಮಸಮುದ್ರದ ಕಡೆಯವನು, ದನಗಳ ಕಾಲು ಮುರಿದಾಗ ಅವನ ಮನೆಯಲ್ಲಿ ಹಾಕುತ್ತಿದ್ದರಂತೆ. ಅಡುಗೆಮನೆಯ ಕದ ಮುಚ್ಚಿ ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು ಬಳಿದು, ಬಿದಿರಿನ ಸೀಳು ಇಟ್ಟು ಬಿಗಿದ. ಬಟ್ಟೆ ಕಚ್ಚಿಕೊಂಡಿದ್ದೆ. “ಅಳ್ಬ್ಯಾಡ ಕನಕಮ್ಮ, ಬೇಬಿ ಎದ್ಬುಡ್ತದೆ” ಅಂದ.

ದೊರೆಸಾನಿಗೆ ಗೊತ್ತಾದರೆ ಮುಗಿಯಿತು. ಪಾಪ ಅನ್ನುತ್ತಾರೆ, ಆಸ್ಪತ್ರೆಗೆ ಕಳಿಸುತ್ತಾರೆ, ಅನಸೂಯಮ್ಮನನ್ನು ಕರೆದುಕೊಂಡು ಹೊರಡುತ್ತಾರೆ. ಅದಕ್ಕೆ ಅವರು ಕೊಟ್ಟ ಕೋಟು ಹಾಕಿಕೊಂಡೇ ಕೆಲಸ ಮಾಡುತ್ತಿದ್ದೇನೆ. ಉದ್ದ ತೋಳು. ಏಪ್ರಿಲ್ ಬಿಸಿಲಲ್ಲಿ ಮೈ ಬೇಯುತ್ತಿದೆ. “ಆಯಾ, ಟೂ ಹಾಟ್” ಅಂದರು. “ಪ್ರಾಕ್ಟೀಸ್, ಮೇಡಂ” ಅಂದೆ. ಬಹಳ ನಕ್ಕರು.

ಮನೆಯಲ್ಲಿ ಹೇಳಿರುವುದು ಬೇರೆ. ಅನಸೂಯಮ್ಮ ಹೋಗುತ್ತಾಳೆ, ಅಲ್ಲಿಯ ತನಕ ಬಟ್ಟೆ ಮಡಚಲು ನನ್ನನ್ನು ಇಟ್ಟುಕೊಂಡಿದ್ದಾರೆ. ನಂಬಿದ್ದಾನೆ. ನನ್ನ ಕೈ ನೋಡಿ ನೋಡಿ ಖುಷಿ ಪಡುತ್ತಾನೆ.

ಏಪ್ರಿಲ್ 12

ಪರೀಕ್ಷೆ ಆಯಿತು. ಬಲಗೈಯಲ್ಲಿ ಬೇಬಿ. ಪೆಟ್ಟಿಗೆಯ ಹಿಡಿಯನ್ನು ಎಡ ಮೊಣಕೈಗೆ ಸಿಕ್ಕಿಸಿಕೊಂಡೆ. ಮೆಟ್ಟಿಲು ಇಳಿದೆ, ಹತ್ತಿದೆ. ಒಂದೊಂದು ಮೆಟ್ಟಿಲಿಗೂ ನೋವು ನೆತ್ತಿಗೆ ಹೊಡೆಯಿತು. ಹಲ್ಲು ಕಚ್ಚಿ ನಗುತ್ತಲೇ ಇದ್ದೆ.

ದೊರೆಸಾನಿ ಪೆಟ್ಟಿಗೆಯನ್ನು ಎತ್ತಿ ನೋಡಿದರು. ಹೂವಿನ ಹಾಗಿದೆಯಂತೆ. ಇಷ್ಟು ಕಡಿಮೆ ಸಾಮಾನು ಕಟ್ಟಿದ ಹೆಂಗಸನ್ನು ಈ ದೇಶದಲ್ಲಿ ನೋಡಿರಲಿಲ್ಲವಂತೆ. “ಕ್ಲೆವರ್ ಗರ್ಲ್” ಅಂದರು. ಒಳಗೆ ಏನೂ ಇಲ್ಲ. ತೆಗೆದು ನೋಡಿದ್ದರೆ ನಾಚಿಕೆಯಿಂದ ಸಾಯುತ್ತಿದ್ದೆ.

ನಾಡಿದ್ದು ಹೊರಡುವುದು. ಒಂದು ರಾತ್ರಿ ಮೊದಲೇ ಬಂದು ಬಂಗಲೆಯಲ್ಲಿ ಮಲಗುತ್ತೇನೆ ಅನ್ನೋಣ ಎಂದರೆ ಏಕೆ ಎಂದು ಕೇಳುತ್ತಾರೆ. ಅವನು ಇನ್ನೂ ನೈಟ್ ಶಿಫ್ಟಿನಲ್ಲೇ ಇದ್ದಾನೆ. ಬೆಳಗ್ಗೆ ಬಂದು ಮೈ ತಡಕಿ ಮಲಗುತ್ತಾನೆ. ತಡಕಲಿ. ನನ್ನಲ್ಲಿ ಏನು ಸಿಗುತ್ತದೆ?

ಏಪ್ರಿಲ್ 14, ಬಂಗಾರಪೇಟೆ ಸ್ಟೇಷನ್

ಪ್ಲಾಟ್‌ಫಾರಂ ಬೆಂಚು. ದೊರೆಸಾನಿ ವೇಟಿಂಗ್ ರೂಮಿನಲ್ಲಿದ್ದಾರೆ, ಬೇಬಿ ಅವರ ತೊಡೆಯ ಮೇಲೆ. ಮೇಲ್ ಗಾಡಿ ಬರಬೇಕು. ಅರಕೋಣದಲ್ಲಿ ಇಳಿದು ಬೊಂಬಾಯಿ ಗಾಡಿ. ಕೋಟು ಹಾಕಿಕೊಂಡಿದ್ದೇನೆ. ಕೋಟಿನ ಒಳಗೆ ಸೀರೆಯ ಮೇಲೆ ರಕ್ತ ಇದೆ, ನನ್ನದಲ್ಲ.

ಬೆಳಗ್ಗೆ ಶಿಫ್ಟ್ ಮುಗಿಯುವ ಸಂಗು, ಗಣಿಯ ಸೈರನ್, ಊದಿದ ಸ್ವಲ್ಪ ಹೊತ್ತಿಗೆ ಅವನು ಬಂದ. ದಾರಿಯಲ್ಲಿ ಅನಸೂಯಮ್ಮ ಸಿಕ್ಕಿದ್ದಳಂತೆ, ಹಾಲು ತರಲು ಹೊರಟವಳು. ಸೀಮೆಗೆ ಹೋಗುವವಳು ಹಾಲಿನ ಚೆಂಬು ಹಿಡಿದು ಯಾಕೆ ನಿಂತಿದ್ದಾಳೆ ಎಂದು ಇವನು ಕೇಳಿದ್ದಾನೆ. “ನಾನೆಲ್ಲಿ ಓಯ್ತೀನಿ, ನಿನ್ ಎಂಡ್ತೀನೇ ಅಲ್ವಾ ಓಗೋದು, ಇವತ್ತೇ” ಅಂದಿದ್ದಾಳೆ.

ಕದ ಹಾಕಿ ಅಗುಳಿ ಹಾಕಿದ. ಅತ್ತೆ ನಲ್ಲಿಗೆ ಹೋಗಿದ್ದಳು. “ಕೈ ಮ್ಯಾಕೆತ್ತು.” ಎತ್ತಿದೆ. ತಡಕಿದ. ಏನೂ ಸಿಗಲಿಲ್ಲ. ಮತ್ತೆ ತಡಕಿದ. ತುರುಬು ಬಿಚ್ಚಿದ, ಬಾಯೊಳಗೆ ಬೆರಳು ಹಾಕಿದ. “ಎಲ್ಲಿಕ್ಕಿದ್ದೀಯಾ? ಏನ್ ಎತ್ಕೊಂಡ್ ಓಯ್ತಿದ್ದೀಯಾ?” ಏನೂ ಇಲ್ಲದೆ ಯಾರಾದರೂ ಹೊರಡುತ್ತಾರೆ ಅನ್ನುವುದು ಅವನ ತಲೆಗೆ ಹೋಗಲಿಲ್ಲ. ಕೊಂಬಿನ ದಾರ ಹರಿದ. ಪಟ್ಟು ಹಾಕಿದ ಕೈ ಹಿಡಿದು, ಬಿದಿರಿನ ಸಮೇತ ತಿರುಚಿದ. ಮೊಣಕಾಲೂರಿ ಬಿದ್ದೆ. ಬಿದ್ದಲ್ಲೇ ಒಲೆ ಇತ್ತು.

ಒಲೆಯ ಪಕ್ಕ ಊದುಗೊಳವೆ. ಕಬ್ಬಿಣದ್ದು.

ಮೊದಲ ಏಟು ಮೊಣಕಾಲಿಗೆ. ಬಗ್ಗಿದ. ಎರಡನೆಯದು ತಲೆಗೆ, ಕಿವಿಯ ಮೇಲೆ. ಕೈ ಬಿಟ್ಟ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಬಿದ್ದ ಮೇಲೂ ಹೊಡೆದೆ. ಬಾಯಲ್ಲಿ ಏನೇನೋ ಬಂತು, ಬಿಸ್ಕತ್ತು ಅಂದೆ, ಅಮ್ಮನ ಬೊಂತೆ ಅಂದೆ. ಹಣೆ ಬಿರಿದು ರಕ್ತ ಕಣ್ಣಿಗಿಳಿಯಿತು, ಬಚ್ಚಲ ಕಡೆ ಹರಿಯಿತು. ಅವನು ಅಲ್ಲಾಡಲಿಲ್ಲ. ಅವನನ್ನು ದಾಟಿಕೊಂಡು ಅಗುಳಿ ತೆಗೆದೆ.

ಬಾಗಿಲಲ್ಲಿ ಅತ್ತೆ, ಸೊಂಟದಲ್ಲಿ ನೀರಿನ ಬಿಂದಿಗೆ. ನನ್ನ ಕೈಯಲ್ಲಿ ಊದುಗೊಳವೆ ಹಾಗೇ ಇತ್ತು. ಒಳಗೆ ನೋಡಿದಳು, ಮಗ ಬಿದ್ದಿದ್ದ. ನನ್ನನ್ನು ನೋಡಿದಳು, ಮುಖವನ್ನಲ್ಲ, ಕತ್ತನ್ನು. ಬೋಳು.

ಕಿರುಚುತ್ತಾಳೆ, ಲೈನೆಲ್ಲ ಸೇರುತ್ತದೆ, ಮುಗಿಯಿತು ಅಂದುಕೊಂಡೆ. ಅವಳು ಬಿಂದಿಗೆ ಎಸೆದು ಸೊಂಟದಿಂದ ಕೊಂಬು ತೆಗೆದಳು. ದಾರ ಬೆರಳಿನಿಂದ ಜಾರುತ್ತಿತ್ತು. “ಬಗ್ಗೇ... ಬಗ್ಗೇ ಮುಂಡೆ, ಅವ್ನ್ ಉಸ್ರು ಓಗೋದ್ರಾಗೆ ಕಟ್ಬೇಕು, ಬಗ್ಗು.” ಬಗ್ಗಿದೆ. ಒಂದು ಗಂಟು, ಎರಡು, ಮೂರು. ಕಟ್ಟಿ ಮುಗಿಸಿ ಅವಳು ಒಳಗೆ ಓಡಿದಳು. ನಾನು ಹೊರಗೆ ಓಡಿದೆ.

ಬಂಗಲೆಯಲ್ಲಿ ಕೋಟು ಹಾಕಿಕೊಂಡು ಬೇಬಿಗೆ ಹಾಲು ಕುಡಿಸಿದೆ. ಕುಡಿದದ್ದನ್ನು ಬರೆದಿಟ್ಟೆ ಕೂಡ, ಪುಸ್ತಕದ ಮುಂಭಾಗದ ಹಾಳೆಯಲ್ಲಿದೆ.

ಈಗ ಇಲ್ಲಿ ಕೂತು ಯಾವ ಖಾಕಿ ಕಂಡರೂ ಕೋಟಿನ ಗುಂಡಿ ಮುಟ್ಟಿ ನೋಡಿಕೊಳ್ಳುತ್ತೇನೆ. ಅವನು ಸತ್ತಿದ್ದರೆ ಮೇಲ್ ಬರುವ ಮೊದಲು ಪೋಲೀಸರು ಬರುತ್ತಾರೆ. ಬದುಕಿದ್ದರೆ ಅವನೇ ಬರುತ್ತಾನೆ...

ಅದೇ ದಿನ, ಸ್ವಲ್ಪ ಹೊತ್ತಿನ ಮೇಲೆ

ಮಾರಿಕುಪ್ಪಂ ಗಾಡಿಯಿಂದ ವೆಂಕಟೇಶಪ್ಪ ಇಳಿದ. ದೊರೆಸಾನಿಯ ದೊಡ್ಡ ಟ್ರಂಕುಗಳನ್ನು ತಂದಿದ್ದಾನೆ. ಕೂಲಿಗಳಿಗೆ ಹೇಳಿ ನೇರ ನನ್ನ ಹತ್ತಿರ ಬಂದು, ಬೆಂಚಿನ ಪಕ್ಕ ಕುಕ್ಕರುಗಾಲಲ್ಲಿ ಕೂತ.

“ಬದುಕವ್ನೆ” ಅಂದ. ಆಸ್ಪತ್ರೆಗೆ ಒಯ್ದಿದ್ದಾರೆ. ತಲೆಗೆ ಹೊಲಿಗೆ, ಮೊಣಕಾಲ ಚಿಪ್ಪು ಒಡೆದಿದೆ, ಏಳಲಾರ. ಅತ್ತೆ ಯಾರು ಏನು ಕೇಳಿದರೂ ಬಾಯಿ ಬಿಟ್ಟಿಲ್ಲವಂತೆ. ಮಗನ ತಲೆದೆಸೆಯಲ್ಲಿ ಕೂತು ಜಪ ಮಾಡುತ್ತಿದ್ದಾಳಂತೆ.

“ಕಣ್ ಬುಟ್ಟೋನೇ ಏನ್ ಕೇಳ್ದ ಗೊತ್ತಾ ಕನಕಮ್ಮ?”

“ಏನು?”

“‘ಏನ್ ಎತ್ಕೊಂಡ್ ಓದ್ಲು ನೋಡು’ ಅಂದ. ಅವರಮ್ಮನ್ನ ಮನೆಗ್ ಅಟ್ದ, ಟ್ರಂಕ್ ತೆಗ್ದ್ ನೋಡಕ್ಕೆ. ಎಲ್ಲಾ ಐತೆ ಅಂದ್ರೂ ನಂಬ್ಲಿಲ್ಲ. ಎರಡು ದಪ ಅಟ್ದ.”

ವೆಂಕಟೇಶಪ್ಪ ನಾನು ಅಳುತ್ತೇನೆ ಅಂದುಕೊಂಡು ಬೆನ್ನು ತಿರುಗಿಸಿ ಕೂತ. ಅಳು ಬರಲಿಲ್ಲ. ಬದುಕಿದ್ದಾನೆ ಎಂದು ಕೇಳಿ ಸಂತೋಷವೂ ಆಗಲಿಲ್ಲ. ಇದನ್ನು ಬರೆಯಬಾರದು, ಆದರೂ ಬರೆಯುತ್ತೇನೆ: ಇನ್ನೊಂದು ಏಟು ಹಾಕಬೇಕಿತ್ತು ಅನ್ನಿಸಿತು. ಕತ್ತಿನ ಕೊಂಬು ಹಿಡಿದುಕೊಂಡೇ ಹಾಗನ್ನಿಸಿತು. ಇದನ್ನು ಬಿಚ್ಚಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಅತ್ತೆಯ ಗಂಟು, ಒಂದು ಕೈಯಲ್ಲಿ ಬಿಚ್ಚಲು ಬರುವುದಿಲ್ಲ.

ಆರು ತಿಂಗಳ ಮೇಲೆ ಏನು? ಆಗ ನೋಡಿಕೊಂಡರಾಯಿತು.

ಸಿಗ್ನಲ್ ಬಿತ್ತು. ಮೇಲ್ ಬರುತ್ತಿದೆ. ದೊರೆಸಾನಿ ಬೇಬಿಯನ್ನು ಎತ್ತಿಕೊಂಡು ಈ ಕಡೆಗೇ ಬರುತ್ತಿದ್ದಾರೆ, ಬೇಬಿ ಆಗಲೇ ಕೈ ಚಾಚಿದೆ. ಪೆಟ್ಟಿಗೆ ಮೊಣಕೈಗೆ ಸಿಕ್ಕಿಸಿದೆ. ಬೇಬಿಗೆ ಬಲಗೈ ಬೇಕು, ಪೆನ್ಸಿಲ್ ಇರುವುದೂ ಅದೇ ಕೈಯ